ಮಸರಕಲ್ ತಪ್ಪಿಸಿದ ನಕ್ಷೆ

ಹೋದ ವಾರ ಸಿಂಧನೂರಿಗೆ ಹೋಗುತ್ತಿದ್ದ ಬಸ್ಸು ಪೋತ್ನಾಳದ ಹತ್ತಿರ ಆಮೆಯ ನಡಿಗೆಗೆ ಬಂತು. ಕಿಟಕಿಯಿಂದ ನೋಡಿದರೆ ಅರ್ಧ ರಸ್ತೆಯ ಮೇಲೆ ಭತ್ತ ಹರವಿದ್ದರು. ಅಂಚಿಗೆ ಕಲ್ಲು ಸಾಲಾಗಿ ಇಟ್ಟಿದ್ದರು. ಒಬ್ಬ ಹೆಂಗಸು ಪಾದದಿಂದಲೇ ಗೆರೆ ಎಳೆಯುತ್ತ ಕಾಳು ತಿರುವಿಹಾಕುತ್ತಿದ್ದಳು. ಬಿಸಿ ಡಾಂಬರಿನ ಮೇಲೆ ಒಣಗುವ ಹಸಿ ಭತ್ತಕ್ಕೆ ಒಂದು ವಾಸನೆ ಇದೆ. ಧೂಳು, ಹುಲ್ಲು, ಸ್ವಲ್ಪ ಮುಗ್ಗಲು ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಚಳಿಗಾಲ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಿತು. ನಾವು ಮೂವರು ಸೈಕಲ್ ಮೇಲೆ ಜಿಲ್ಲೆಯ ಒಂದು ದೊಡ್ಡ ಸುತ್ತು ಹಾಕಬೇಕೆಂದು ಹೊರಟಿದ್ದ ಚಳಿಗಾಲ ಅದು.

ನಾನು ಸರ್ವೆಯರ್. ಮನೆ ರಾಯಚೂರಿನಲ್ಲಿ, ಕೆಲಸ ತಾಲ್ಲೂಕುಗಳ ತುಂಬ. ಹೊಲದ ಮೇರೆ ಅಳೆಯುವುದು, ಮಣ್ಣಿನಲ್ಲಿ ಹೂತುಹೋದ ಬಾಂದುಕಲ್ಲು ಹುಡುಕುವುದು, ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಜಗಳಾಡುವಾಗ ನಡುವೆ ಹೋಗಿ "ನಕ್ಷೆಯಲ್ಲಿ ಹೀಗಿದೆ" ಎನ್ನುವುದು, ಇಷ್ಟೇ ನನ್ನ ಉದ್ಯೋಗ. ಈ ಮಾತನ್ನು ಊರೂರಿಗೆ ಹೇಳಿ ಹೇಳಿ, ನಕ್ಷೆ ಸುಳ್ಳಾಗುವುದಿಲ್ಲವೆಂದು ನಾನೇ ನಂಬಿಬಿಟ್ಟಿದ್ದೆ. ನಲವತ್ತು ತುಂಬಿದ ವರ್ಷ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ ತುಟಿ ಕಚ್ಚಿಕೊಂಡರು. ಮರುವಾರವೇ ಹೆಂಡತಿ ನನ್ನನ್ನು ತೀನ್ ಕಂದೀಲ್ ವೃತ್ತದ ಹತ್ತಿರದ ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯ ಖಾಜಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣಾರಿಗೆ ಗಟ್ಟಿ ಫ್ರೇಮೇ ಬೇಕ್ರೀ" ಎಂದ. ಆ ದಿನದಿಂದ ಅವನು ನನ್ನ ಗೆಳೆಯ.

ಪ್ರತಿ ಐತವಾರ ಬೆಳಿಗ್ಗೆ ಖಾಜಾ, ನಾನು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಶೈಲಜಾ ಮೇಡಂ, ಮೂವರೂ ಊರ ಹೊರಗೆ ಹೋಗಿ ಬರುತ್ತಿದ್ದೆವು. ಹತ್ತು ಕಿಲೋಮೀಟರ್ ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ಅಲ್ಲಿಗೆ ಸುಮ್ಮನಿದ್ದರೆ ಒಳ್ಳೆಯದಿತ್ತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಚಹ ಕುಡಿಯುತ್ತ ಮೇಡಂ, "ಹೋದ ದಾರಿಲೇ ತಿರುಗಿ ಬರೋದು ಬ್ಯಾಸರ ಆಗ್ಯದ. ಒಂದು ದೊಡ್ಡ ಸುತ್ತು ಹಾಕೋಣ್ರಿ, ಹೋದ ದಾರಿ ಬ್ಯಾರೆ, ಬರೋ ದಾರಿ ಬ್ಯಾರೆ" ಎಂದರು. ಖಾಜಾ ಕೂತಲ್ಲೇ ಕುಣಿದ. ನಕ್ಷೆ ತೆಗೆಯುವ ಕೆಲಸ ನನ್ನ ತಲೆಗೆ ಬಂತು. ಬಿಡು, ಬಾರದಿದ್ದರೆ ನಾನೇ ಕೇಳಿ ಪಡೆಯುತ್ತಿದ್ದೆ.

ನಾಲ್ಕು ವಾರ ಖಾಜಾನ ಅಂಗಡಿಯ ಮೇಜಿನ ಮೇಲೆ ನನ್ನ ನಕ್ಷೆ ಹರವಿಕೊಂಡಿತ್ತು. ಎರಡು ದಿನದ ಸವಾರಿ. ಮೊದಲ ದಿನ ಅಸ್ಕಿಹಾಳದ ಕಡೆಯ ಹೊಸ ಬಡಾವಣೆಗಳ ಒಳಗಿಂದ ನುಸುಳಿ, ಮಲಿಯಾಬಾದಿನ ಕಾಯ್ದಿಟ್ಟ ಅರಣ್ಯದ ಅಂಚಿಗೆ ಹೋಗಿ, ಅಲ್ಲಿಂದ ಮಾನ್ವಿ, ಪೋತ್ನಾಳ, ಸಂಜೆಗೆ ಕವಿತಾಳ. ಎರಡನೆಯ ದಿನ ಸಿರವಾರದ ಮೇಲೆ ದೇವದುರ್ಗ, ಅಲ್ಲಿ ಅರಣ್ಯದವರು ಬೇಲಿ ಹಾಕಿದ ಕುರುಚಲು ಗುಡ್ಡಗಳ ಬುಡ ಹಿಡಿದು, ಗಬ್ಬೂರಿನ ಮೇಲೆ ರಾಯಚೂರು. ಮೇನ್ ರೋಡು ಆದಷ್ಟು ಬೇಡವೆಂದು ಖಾಜಾ ಹಟ ಹಿಡಿದಿದ್ದ. "ಲಾರಿಯವ್ರು ನಮ್ಮನ್ನ ಹಪ್ಪಳ ಮಾಡಿ ಹೋಗ್ತಾರ್ರೀ ಅಣ್ಣಾ" ಎನ್ನುತ್ತಿದ್ದ. ಅವನ ಇನ್ನೊಂದು ಚಿಂತೆ ಸರಕಾರಿ ಜಾಲಿಯ ಮುಳ್ಳು. ಯಾವ ದಾರಿಯ ಬದಿಗೆ ಎಷ್ಟು ಜಾಲಿ ಎಂದು ನನ್ನನ್ನು ಪೊಲೀಸರಂತೆ ವಿಚಾರಿಸಿ, ಅದರ ಮೇಲೆ ಎಷ್ಟು ಟ್ಯೂಬು ಹೊರಬೇಕೆಂದು ಗೊತ್ತುಮಾಡುತ್ತಿದ್ದ. ಮೇಡಂಗೆ ಸೂರ್ಯ ಹುಟ್ಟುವ ಹೊತ್ತಿಗೆ ಮಲಿಯಾಬಾದಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಹಕ್ಕಿ ಸಿಗುವುದಿಲ್ಲ. ಅಲ್ಲಿಯ ಅರಣ್ಯ ಕಾವಲುಗಾರನನ್ನು ಕೇಳಲು ಹೋದಾಗ ಅವನು ಬೀಡಿ ಆರಿಸಿ ನಿಧಾನವಾಗಿ ಹೇಳಿದ: "ಬೆಳಕು ಪೂರಾ ಆಗೋತನ ಬರಬ್ಯಾಡ್ರಿ. ಚಿರತಿ ಓಡಾಡ್ತದ. ಅದು ನಿಮ್ಮ ಹೆಲ್ಮೆಟ್ ನೋಡಿ ಏನ್ ಅಂಜಂಗಿಲ್ಲ." ಮೇಡಂ ಒಂದು ಗಂಟೆ ಬಿಟ್ಟುಕೊಟ್ಟರು.

ಎಲ್ಲ ಮುಗಿಯಿತು ಎನ್ನುವಾಗ ಖಾಜಾ ನಕ್ಷೆಯ ಮೇಲೆ ಎಣ್ಣೆ ಬೆರಳು ಇಟ್ಟ. "ಹನುಮೇಶಣ್ಣಾ, ದೇವದುರ್ಗದಿಂದ ಗಬ್ಬೂರಿಗಿ ನೆಟ್ಟಗ ರಸ್ತಾ ಅದ. ನಿಮ್ಮ ನಕ್ಷಾಕ್ಕ ಇಲ್ಲಿ ಹೊಟ್ಟಿ ಯಾಕ ಬಂದದ?"

ಹೊಟ್ಟೆ ಬಂದಿದ್ದು ನಿಜ. ಆ ನೆಟ್ಟನೆಯ ರಸ್ತೆ ಮಸರಕಲ್ ಮೇಲೆ ಹೋಗುತ್ತದೆ. ನಾನು ಮಸರಕಲ್ಲಿನ ಮೊದಲೇ ಎಡಕ್ಕೆ ಇಳಿದು, ಒಂದು ಬಂಡಿದಾರಿ ಹಿಡಿದು, ಊರನ್ನು ಅಷ್ಟು ದೂರದಿಂದ ಬಳಸಿ, ಮುಂದೆ ಮತ್ತೆ ರಸ್ತೆಗೆ ಹತ್ತಿದ್ದೆ. "ಲಾರಿ ತಪ್ಪತಾವ" ಎಂದೆ. ಖಾಜಾ ನನ್ನ ಮುಖ ನೋಡಿದ, ನಕ್ಷೆಯ ಮೇಲಿಂದ ಬೆರಳು ತೆಗೆದ.

ಮಸರಕಲ್ಲಿನಲ್ಲಿ ನನ್ನ ಅಕ್ಕ ಇದ್ದಾಳೆ. ನರಸಮ್ಮ. ಆಗ ಅವಳು ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೆರಡು. ಕೂಲಿಯ ಮನೆ ನಮ್ಮದು. ಅಪ್ಪ ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋದರೆ ನನಗೆ ಉಣಿಸಿದ್ದು, ತೊಳೆದದ್ದು, ಶಾಲೆಗೆ ಬಿಟ್ಟದ್ದು ಅಕ್ಕನೇ. ಮಸರಕಲ್ಲಿಗೆ ಮದುವೆಯಾಗಿ ಹೋಗುವಾಗ, ತಮ್ಮ ಬರದಿದ್ದರೆ ನಾನೂ ಬರುವುದಿಲ್ಲ ಎಂದು ಚಪ್ಪರದಲ್ಲೇ ಕೂತಳಂತೆ. ಹೀಗಾಗಿ ನಾನು ಬೆಳೆದದ್ದು ಅವಳ ಗಂಡನ ಮನೆಯಲ್ಲಿ. ನಾನು ಹತ್ತು ವರ್ಷದವನಿದ್ದಾಗ ಅವಳಿಗೆ ಮಗಳು ಹುಟ್ಟಿದಳು, ಸುಜಾತಾ. ಹುಟ್ಟಿದ ದಿನವೇ ಓಣಿಯವರು ಕೂಸನ್ನು ನನ್ನ ತೊಡೆಯ ಮೇಲಿಟ್ಟು "ತಗೋ ನಿನ್ನ ಹೆಣ್ತಿ" ಎಂದರು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಕೂಸು ಅತ್ತರೆ "ಲೇ, ನಿನ್ನ ಹೆಣ್ತಿ ಅಳಾಕತ್ತಾಳ ನೋಡು" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಅವಳ ಮೂಗು ಒರೆಸಿದವನು ನಾನು, ಹೆಗಲ ಮೇಲೆ ಹೊತ್ತು ಹೊಲ ತಿರುಗಿಸಿದವನು ನಾನು. ಅವಳನ್ನು ಮದುವೆಯಾಗುವುದು ನನ್ನಿಂದ ಆಗದ ಮಾತು ಎಂದು ನನಗೆ ಎಂದೋ ಗೊತ್ತಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಅಷ್ಟೇ.

ಸುಜಾತಾಳಿಗೆ ಹತ್ತೊಂಬತ್ತು ದಾಟಿದಾಗ ಹಿರಿಯರು ಮಾತು ಮುಗಿಸಲು ಒಂದು ದಿನ ನೋಡಿದರು. ನಾನು ಆಗ ಮಾನ್ವಿಯಲ್ಲಿ ನೌಕರಿಗಿದ್ದೆ. ಬಸ್ಸು ಹತ್ತಿದ್ದರೆ ಮಧ್ಯಾಹ್ನಕ್ಕೆ ಅಕ್ಕನ ಅಡುಗೆಮನೆಯಲ್ಲಿ ಇರುತ್ತಿದ್ದೆ. ಹತ್ತಲಿಲ್ಲ. ದೇವದುರ್ಗದ ಒಬ್ಬ ದೂರದ ಕಾಕನಿಗೆ ಫೋನು ಮಾಡಿ, "ನಾ ಒಲ್ಲೆ ಅಂತ ನೀವೇ ಹೇಳಿಬಿಡ್ರಿ" ಎಂದೆ. ಅವನು ಅಂಗಳದಲ್ಲಿ ಕೂತ ಮಂದಿಯ ಎದುರಿಗೆ, ಹಂಚಿದ ಎಲೆಅಡಿಕೆ ಇನ್ನೂ ಅವರ ಕೈಯಲ್ಲಿರುವಾಗ, ಅಕ್ಕನ ಮುಖಕ್ಕೆ ಹೊಡೆದ ಹಾಗೆ ಹೇಳಿದನಂತೆ. ಅಕ್ಕ ಒಳಗೆ ಎದ್ದು ಹೋದಳು. ಅವತ್ತಿನಿಂದ ನನ್ನ ಹೆಸರು ಎತ್ತಿದವರ ಜೊತೆಯೂ ಅವಳು ಮಾತಾಡುತ್ತಿರಲಿಲ್ಲ. ನನ್ನ ಮದುವೆಗೆ ಬರಲಿಲ್ಲ, ಮಗನ ಹೆಸರಿಡುವ ದಿನ ಬರಲಿಲ್ಲ. ಸುಜಾತಾ ನರ್ಸ್ ಆದಳು, ತಾನೇ ಮೆಚ್ಚಿದವನನ್ನು ಮದುವೆಯಾಗಿ ಸಿಂಧನೂರಿನಲ್ಲಿ ಸುಖವಾಗಿದ್ದಾಳೆ. "ಮಾಮಾ, ನೀ ಒಲ್ಲೆ ಅಂದಿದ್ದು ಬೇಷಾತು ನೋಡು" ಎಂದು ಈಗಲೂ ಫೋನಿನಲ್ಲಿ ನಗುತ್ತಾಳೆ. ಆದರೆ ಅವಳ ನಗುವಿನಿಂದ ನನ್ನ ತಪ್ಪು ಸಣ್ಣದಾಗಲಿಲ್ಲ. ಆಫೀಸಿನಲ್ಲಿ ಮಸರಕಲ್ಲಿನ ಅರ್ಜಿ ಬಂದರೆ ಇನ್ನೊಬ್ಬರಿಗೆ ದಾಟಿಸಿ, ಬದಲಿಗೆ ಅವರ ದೂರದ ಊರನ್ನು ನಾನು ಹಿಡಿಯುತ್ತಿದ್ದೆ. ಅಷ್ಟು ಅಂಜಿಕೆ ನನಗೆ ಅವಳ ಬಾಗಿಲು ಕಂಡರೆ.

ಸವಾರಿಗೆ ಒಂದು ವಾರ ಇರುವಾಗ ದಾರಿ ನೋಡಿ ಬರೋಣವೆಂದು ಖಾಜಾ ನನ್ನನ್ನು ತನ್ನ ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ದೇವದುರ್ಗದಿಂದ ಈಚೆ ಬಂದು, ನಕ್ಷೆಯಂತೆಯೇ ಎಡಕ್ಕೆ ಇಳಿದೆವು. ಬಂಡಿದಾರಿ ಇತ್ತು. ನಾನು ಹಿಂದಿನಿಂದ ಅವನ ಬೆನ್ನು ತಟ್ಟಿದೆ. ಹತ್ತು ನಿಮಿಷ ಹೋಗಿರಬೇಕು, ದಾರಿ ಸೀದಾ ಒಂದು ಹತ್ತಿಯ ಹೊಲದೊಳಗೆ ಹೊಕ್ಕು ಅಲ್ಲೇ ಮುಗಿಯಿತು. ಆ ಕಡೆ ಬದುವಿನವರೆಗೂ ಬರೀ ಹತ್ತಿ. ಹತ್ತಿ ಬಿಡಿಸುತ್ತಿದ್ದ ರೈತ ಉಡಿ ಸಡಿಲಿಸಿಕೊಂಡು ನಮ್ಮ ಕಡೆ ಬಂದ.

"ಇಲ್ಲೊಂದು ಬಂಡಿದಾರಿ ಇರಬೇಕಲ್ರೀ?" ಎಂದೆ.

"ಇತ್ರೀ. ನಮ್ಮಪ್ಪನ ಕಾಲಕ್ಕೇ ಅದನ್ನ ಬಿತ್ತೀವಿ."

"ನಕ್ಷೆದಾಗ ಅದ."

"ನಕ್ಷಾದಾಗ ಇರ್ತದ ಬಿಡ್ರಿ. ಅಲ್ಲಿ ಯಾರು ಬಿತ್ತತಾರ?"

ಖಾಜಾ ಆಕಾಶ ನೋಡುತ್ತ ನಗು ನುಂಗಿದ. ಅಷ್ಟು ವರ್ಷ ಊರವರ ಮುಂದೆ ಬೀಗಿದ್ದೆಲ್ಲ ಆ ಹತ್ತಿಯ ಸಾಲಿನಲ್ಲಿ ಇಳಿದುಹೋಯಿತು. ನನ್ನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಬೇರೆ ಯಾರೇ ಆಗಿದ್ದರೂ ಮೊದಲು ಒಬ್ಬ ದನ ಕಾಯುವವನನ್ನು ಕೇಳುತ್ತಿದ್ದರು. ರೈತ ನನ್ನನ್ನೇ ದಿಟ್ಟಿಸಿ, "ನೀವು ನರಸಮ್ಮನ ತಮ್ಮ ಅಲ್ಲೇನ್ರೀ? ಮಾರಿ ಹಂಗೇ ಅದ. ಊರಾಗ ಹಾಯ್ದು ಹೋಗ್ರಲ, ಬ್ಯಾರೆ ದಾರಿ ಎಲ್ಲೈತಿ?" ಎಂದ.

ಆಗ ಖಾಜಾ ಗಾಡಿಗೆ ಸ್ಟ್ಯಾಂಡ್ ಹಾಕಿ ನನ್ನಿಂದ ಎಲ್ಲವನ್ನೂ ಬಿಡಿಸಿ ಕೇಳಿದ. ಕೇಳಿ ಮುಗಿದ ಮೇಲೆ, "ಅಣ್ಣಾ, ಎರಡೇ ದಾರಿ. ಸುತ್ತು ಬಿಡೋದು, ಇಲ್ಲಾ ಊರಾಗ ಹೋಗೋದು. ನನಗಂತೂ ಈಗ ನೀರಡಿಕಿ ಆಗ್ಯದ" ಎಂದು ಕಿಕ್ ಹೊಡೆದ. ನಾನು ಅವನ ಹಿಂದೆ ಹತ್ತಿ ಕೂತೆ.

ಅಕ್ಕ ಬಾಗಿಲ ಮುಂದೆ ಕೂತು ತೊಗರಿ ಕೇರುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಅವಳು ನನ್ನನ್ನು ನೋಡಿದಳು, ಮೊರವನ್ನು ಕೆಳಗಿಟ್ಟಳು, ಆಮೇಲೆ ಖಾಜಾನ ಕಡೆ ತಿರುಗಿ "ಬರ್ರಿ ಯಪ್ಪಾ, ಕುಂದರ್ರಿ" ಎಂದಳು. ಹಚ್ಚಡ ಹಾಸಿದಳು. ಇಬ್ಬರಿಗೂ ಹಾಸಿದಳು.

"ಕೇಳ್ರಿ ಅವರಿಗೆ, ಮಜ್ಜಿಗಿ ಬೇಕೋ ಚಾ ಬೇಕೋ ಅಂತ" ಎಂದು ಖಾಜಾನಿಗೆ ಹೇಳಿದಳು.

"ಮಜ್ಜಿಗಿ ಕೊಡು ಅಕ್ಕಾ" ಎಂದೆ ನಾನು.

"ಏನಂದ್ರು?" ಎಂದು ಅವನನ್ನೇ ಕೇಳಿದಳು.

"ಮಜ್ಜಿಗಿ ಅಂತ್ರೀ ಯಕ್ಕಾ" ಎಂದ ಖಾಜಾ.

ನಾನು ಒಂದು ಮೊಳ ದೂರದಲ್ಲಿ ಕೂತಿದ್ದೆ. ಅವಳಿಗೆ ನನ್ನ ಒಂದು ಮಾತೂ ಕೇಳಿಸುತ್ತಿರಲಿಲ್ಲ, ಖಾಜಾನ ಬಾಯಿಂದ ಬಂದದ್ದೇ ಕೇಳಿಸುತ್ತಿತ್ತು. ಅಕ್ಕನ ಗಂಡ ಹೊಲಕ್ಕೆ ಹೋಗಿದ್ದಾನೆ ಎಂಬುದೂ ನನಗೆ ಹಾಗೆಯೇ ತಿಳಿಯಿತು. ಮಕ್ಕಳೆಷ್ಟು ಎಂದು ಅವನ ಬಾಯಿಂದ ಕೇಳಿಸಿದಳು. ಒಬ್ಬ ಮಗ ಎಂದೆ. ಯಾರನ್ನು ಹೋಲುತ್ತಾನೆ ಎಂದು ಕೇಳಿಸಿದಳು. "ನಿನ್ನ ಮೂಗು ಬಂದದ ಅಕ್ಕಾ" ಎಂದೆ. "ನಿಮ್ಮ ಮೂಗು ಬಂದದಂತ್ರೀ" ಎಂದ ಖಾಜಾ. ಅಕ್ಕ ಗೋಡೆಯ ಕಡೆ ಮುಖ ಮಾಡಿ, ಬೇಕಿಲ್ಲದಿದ್ದರೂ ಗಡಿಗೆಯ ಮುಚ್ಚಳ ಸರಿಮಾಡಿದಳು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ಇನ್ನೊಂದು ರೊಟ್ಟಿ ಬೇಕೋ ಎಂಬುದೂ ಖಾಜಾನ ಮೂಲಕವೇ. ಕಡೆಗೆ ಅವನು ಕೈ ಮುಗಿದ. "ಯಕ್ಕಾ, ಇಷ್ಟು ಮಾತು ಅಂಗಡ್ಯಾಗ ಆಡಿದ್ರ ಎರಡು ಸೈಕಲ್ ಮಾರ್ತಿದ್ದೆ. ಅವ್ರು ಇಲ್ಲೇ ಕುಂತಾರಲ್ರೀ, ನೀವೇ ಕೇಳ್ರಲ."

"ಅವತ್ತು ಅವರು ಇನ್ನೊಬ್ಬರ ಬಾಯಿಲೆ ಹೇಳಿಸಿದ್ರು. ನನಗೂ ಹಂಗ ಮಾತಾಡಾಕ ಬರ್ತದ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ನಾವು ಏಳುವಾಗ ಮತ್ತೆ ಖಾಜಾನನ್ನು ಕರೆದಳು. "ಬರೋ ಐತಾರ ಇದೇ ದಾರಿಲೆ ಬರ್ತಾರೋ, ಇಲ್ಲಾ ಮತ್ತ ಮಂದಿ ಹೊಲದಾಗ ದಾರಿ ಹುಡಕ್ತಾರೋ, ಕೇಳ್ರಿ."

ಸವಾರಿಯ ವಿಷಯ ಖಾಜಾ ಉಣ್ಣುವಾಗ ಹೇಳಿದ್ದ; ಹತ್ತಿಯ ಹೊಲದ ಸುದ್ದಿ ಮಾತ್ರ ಊರಿಗೆ ತಾನಾಗಿಯೇ ಮುಟ್ಟಿತ್ತು. "ಇದೇ ದಾರಿಲೆ ಬರ್ತೀನಿ ಅಕ್ಕಾ" ಎಂದೆ. ಅವಳು ಖಾಜಾನ ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮನೆಗೆ ಬಂದು ರಬ್ಬರ್ ತೆಗೆದುಕೊಂಡು ನಕ್ಷೆಯ ಹೊಟ್ಟೆಯನ್ನು ಅಳಿಸಿದೆ.

ಶನಿವಾರ ನಸುಕಿನಲ್ಲಿ ಹೊರಟೆವು. ಹೊಸ ಬಡಾವಣೆಗಳಲ್ಲಿ ರಸ್ತೆ ಇದ್ದವು, ಕಂಬ ಇದ್ದವು, ಮನೆ ಇರಲಿಲ್ಲ. ಆದರೂ ಎಲ್ಲಿಂದಲೋ ನಾಯಿಗಳು ಬಂದು ಹಕ್ಕು ಸಾಧಿಸಿದವು. ಮಲಿಯಾಬಾದಿನ ಗುಡ್ಡದ ಅಂಚಿನಲ್ಲಿ ಬಿಸಿಲು ಎಳೆಯದಾಗಿತ್ತು. ಕೌಜುಗಗಳು ಕಾಲಬುಡದಿಂದಲೇ ಎದ್ದು ಹಾರಿದವು. ಮೇಡಂ ಪ್ರತಿ ಗಿಡಕ್ಕೂ ಇಳಿದರು. ನಮ್ಮ ಲೆಕ್ಕದ ಸಮಯವೆಲ್ಲ ಅಲ್ಲಿಯೇ ಖರ್ಚಾಗಿ, ಮಾನ್ವಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೋತ್ನಾಳದಲ್ಲಿ ರಸ್ತೆಯ ತುಂಬ ಭತ್ತ. ಕೊಯ್ಲಿನ ಹಂಗಾಮಿನಲ್ಲಿ ಭತ್ತ ಡಾಂಬರಿಗೆ ಬರುತ್ತದೆ ಎಂಬುದು ನಾಲ್ಕು ವಾರದ ನಮ್ಮ ಯೋಜನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. "ಇಳದು ನಡೀರಿ, ಕಾಳು ತುಳೀಬ್ಯಾಡ್ರಿ" ಎಂದು ಒಬ್ಬ ಮುದುಕಿ ಬಾರಕೋಲು ತೋರಿಸಿದಳು. ಮಣ್ಣಿನ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಬಹಳ ದೂರ ನಡೆದೆವು. ಆ ನಡಿಗೆಯಲ್ಲೇ ನನ್ನ ಬಲ ಮೊಣಕಾಲು ಹಿಡಿದುಕೊಂಡಿತು. ಕವಿತಾಳದಲ್ಲಿ ಮೇಡಂ ಅವರ ಹಳೆಯ ವಿದ್ಯಾರ್ಥಿನಿಯ ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಮಲಗಿದೆ. ಖಾಜಾ ನಾಲ್ಕು ಪಂಕ್ಚರ್ ಹಾಕಿ ಮಲಗಿದ. ನಾಲ್ಕೂ ಜಾಲಿಯವೇ.

ಮರುದಿನ ದೇವದುರ್ಗದ ಕಡೆ ಬಂದಂತೆ ನೆಲದ ಬಣ್ಣ ಬದಲಾಯಿತು, ಭತ್ತ ಹೋಗಿ ಹತ್ತಿ ಬಂತು, ಜೋಳ ಬಂತು. ಬೇಲಿಯ ಆಚೆಯ ಗುಡ್ಡದಲ್ಲಿ ಎರಡು ಚಿಗರಿಗಳು ನಿಂತು ನಮ್ಮನ್ನು ನೋಡಿ, ನಾವು ಅಷ್ಟೇನೂ ಮುಖ್ಯರಲ್ಲ ಎಂದು ತಿಳಿದು ಮತ್ತೆ ಮೇಯತೊಡಗಿದವು. ಇಷ್ಟು ಸಮಾಧಾನದ ದಿನ ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ. ಆದರೆ ಕಿಲೋಮೀಟರ್ ಕಲ್ಲುಗಳ ಮೇಲೆ ಮಸರಕಲ್ ಎಂಬ ಹೆಸರು ಕಂಡಾಗಲೆಲ್ಲ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. ಊರು ಇನ್ನೂ ಮೂರು ಕಿಲೋಮೀಟರ್ ಇರುವಾಗ ಖಾಜಾ ಹೆಲ್ಮೆಟ್ ಬಿಗಿದುಕೊಂಡ. "ಅಣ್ಣಾ, ನಾನೂ ಮೇಡಮ್ಮಾರೂ ಮುಂದ ಹೋಗಿ ಗಬ್ಬೂರಿನ್ಯಾಗ ಚಾ ಕುಡಕೋತ ಕುಂದರ್ತೀವಿ. ಇವತ್ತು ನನ್ನ ಬಾಯಿಗಿ ರಜಾ." ಕರೆದರೂ ತಿರುಗಿ ನೋಡದೆ ಇಬ್ಬರೂ ಹೋಗಿಬಿಟ್ಟರು.

ಊರಿನ ಮೊದಲಲ್ಲೇ, ರಸ್ತೆಯ ಬದಿಗೆ, ಅಕ್ಕ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದಳು. ಹೊಲದಿಂದ ಬರುವ ಹೊತ್ತು ಅದಲ್ಲ. ನಾನು ಇಳಿದು ಸೈಕಲ್ ಹಿಡಿದು ನಿಂತೆ. ಅವಳು ನನ್ನ ಹಿಂದೆ ನೋಡಿದಳು, ಖಾಜಾ ಇರಲಿಲ್ಲ. ರಸ್ತೆಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಎಮ್ಮೆಯ ಕಡೆ ತಿರುಗಿದಳು.

"ಕೇಳು ಅವರಿಗೆ, ಒಬ್ಬರೇ ಯಾಕ ಬಂದ್ರು ಅಂತ."

ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ನನಗೆ ನಗು ತಡೆಯಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೆ ಭುಜ ಕುಣಿಯುತ್ತಿದ್ದವು. ನಕ್ಕು ಮುಗಿದ ಮೇಲೆ ನಾನೇ ಬಾಯಿ ಬಿಟ್ಟೆ.

"ತಪ್ಪಾತು ಅಕ್ಕಾ. ನಾನೇ ಬಂದು ನಿನ್ನ ಮುಂದ ಹೇಳಬೇಕಿತ್ತು."

"ಯಾಕ ಬರಲಿಲ್ಲ?" ಈ ಸಲ ಎಮ್ಮೆಯನ್ನಲ್ಲ, ನನ್ನನ್ನೇ ಕೇಳಿದಳು.

"ಅಂಜಿದ್ದೆ."

"ನಾ ಏನ್ ಹೊಡೀತಿದ್ನೇನು?"

"ನೀ ಅಳ್ತಿ ಅಂತ ಅಂಜಿದ್ದೆ."

ಒಂದು ಬಸ್ಸು ಬಂತು, ನಿಂತಿತು, ಹೋಯಿತು.

"ಅಳ್ತಿದ್ದೆ" ಎಂದಳು. "ಯಾಕ ಅಳಬಾರದು? ಅತ್ತು, ಮಾರಿ ತೊಳಕೊಂಡು, ನಿನಗ ರೊಟ್ಟಿ ಬಡದು ಹಾಕ್ತಿದ್ದೆ. ಅಷ್ಟ ಆಗ್ತಿತ್ತಲ್ಲೋ. ಹನ್ನೊಂದು ವರ್ಷ ನನ್ನ ಕೈಲೆ ಉಣ್ಣಲಾರದಂಗ ಮಾಡ್ಕೊಂಡೆಲ್ಲೋ ಹುಚ್ಚಪ್ಪಾ."

ಅಷ್ಟರಲ್ಲಿ ಜೇಬಿನಲ್ಲಿ ಫೋನು ಕೂಗಿತು. ಗಬ್ಬೂರಿನಿಂದ ಖಾಜಾ. ನಾನು ತೆಗೆದು ಕಿವಿಗೆ ಇಟ್ಟುಕೊಳ್ಳುವ ಮೊದಲೇ ಅಕ್ಕ ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಇಡೀ ಊರಿಗೆ ಕೇಳುವಷ್ಟು ಜೋರಾಗಿ ಹೇಳಿದಳು.

"ನೀವು ಹೋಗ್ರಿ ಯಪ್ಪಾ. ನನ್ನ ತಮ್ಮ ಇವತ್ತು ಬರಂಗಿಲ್ಲ."

ಫೋನು ನನ್ನ ಕೈಗಿಟ್ಟು, ಎಮ್ಮೆಯನ್ನು ಹೊಡೆದುಕೊಂಡು ಊರೊಳಗೆ ನಡೆದಳು. ನಾನು ಸೈಕಲ್ ತಳ್ಳಿಕೊಂಡು ಅವಳ ಹಿಂದೆ ಹೋದೆ.